ಕೆಂಪು ಬಸ್ಸಾರು

“ಇದ್ಯಾಕಮ್ಮಿ, ಸೊಪ್ಪು ಬಸ್ದಿರೋ ನೀರು ಇಂಗೆ ಕೆಂಪಗದೆ?”

ಅಜ್ಜಿ ಪುಟ್ಟಮಾದಮ್ಮ ಬಗ್ಗಿ ಮಡಕೆಯೊಳಗೆ ನೋಡಿದಳು. ರೇವಿಯ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು.

“ಕೆಂಪು ದಂಟು ಕಣಜ್ಜಿ.”

“ಈ ಬಿಸ್ಲಲ್ಲಿ ದಂಟು ಎಲ್ಲಿ ಸಿಕ್ತು?”

“ಸ್ಕೂಲ್ ಬಾವಿ ತಾವ.”

ಅಜ್ಜಿ ಮುದ್ದೆ ತಿರುವುವ ಕೋಲು ಹುಡುಕುತ್ತಾ ಆ ಕಡೆ ಹೋದಳು. ರೇವಿ ಮೆಲ್ಲಗೆ ಉಸಿರು ಬಿಟ್ಟಳು.

ಅದು ದಂಟಿನ ಸೊಪ್ಪಲ್ಲ. ಬೀಟ್‌ರೂಟ್ ಸೊಪ್ಪು.

ರೇವಿಯ ತಮ್ಮ ಅಪ್ಪಾಜಿಗೆ ಐದು ವರ್ಷ. ಹಿಂದಿನ ತಿಂಗಳು ಅವನಿಗೆ ಚಳಿಜ್ವರ ಬಂದಿತ್ತು. ಮೂರು ಕಂಬಳಿ ಹೊದಿಸಿದರೂ ಗಡಗಡ ನಡುಗಿದ್ದ. ಮಳವಳ್ಳಿ ಆಸ್ಪತ್ರೆಯ ಡಾಕ್ಟರು ಕ್ವಿನೈನ್ ಗುಳಿಗೆ ಕೊಟ್ಟರು. “ಯುದ್ಧ ಶುರುವಾದ ಮೇಲೆ ಇದೂ ಸಿಕ್ತಾ ಇಲ್ಲ. ಕಹಿ ಅಂತ ಉಗುಳಿದರೆ ಜೋಕೆ!” ಎಂದು ಗದರಿದರು. ಆಮೇಲೆ ಅಪ್ಪಾಜಿಯ ಕಣ್ಣಿನ ಕೆಳಗೆ ಎಳೆದು ನೋಡಿ, “ಮಗೂಗೆ ರಕ್ತವೇ ಇಲ್ಲ. ದಿನಾ ಸೊಪ್ಪು ತಿನ್ನಿಸಿ” ಅಂದರು.

ಜ್ವರವೇನೋ ಬಿಟ್ಟಿತು. ಆದರೆ ಸೊಪ್ಪು ಎಲ್ಲಿಂದ ತರುವುದು? ಬೆಳಕವಾಡಿಯ ಸುತ್ತ ಹೊಲಗಳೆಲ್ಲ ಒಣಗಿ ಬಿರುಕು ಬಿಟ್ಟಿದ್ದವು. ಅವ್ವ ಹೆರಿಗೆಗೆಂದು ತವರುಮನೆ ಆತಗೂರಿಗೆ ಹೋಗಿದ್ದಳು. ಅವಳನ್ನು ನೋಡಿಕೊಂಡು ಬರಲು ಅಪ್ಪ ಹೋಗಿ ಎರಡು ದಿನವಾಗಿತ್ತು. ಹೊರಡುವಾಗ ಅಪ್ಪ, “ತಮ್ಮುನ್ನ ನೋಡ್ಕೊ ಕಣಮ್ಮಿ” ಎಂದು ರೇವಿಯ ತಲೆ ಮುಟ್ಟಿ ಹೋಗಿದ್ದ. ಹತ್ತು ವರ್ಷದ ರೇವಿಗೆ ಆ ಮಾತು ನೀರು ತುಂಬಿದ ಬಿಂದಿಗೆಯ ಹಾಗೆ ತಲೆಯ ಮೇಲೆ ಕೂತಿತ್ತು.

ಸ್ಕೂಲಿನ ದಾರಿಯಲ್ಲಿ ಗೌಸ್ ಪೀರ್ ತಾತನ ತೋಟವಿತ್ತು. ದೊಡ್ಡ ತೋಟವೇನಲ್ಲ. ಒಂದು ಬಾವಿ, ಹತ್ತು ಹನ್ನೆರಡು ಮಡಿ. ಶಿವನಸಮುದ್ರದ ಬ್ಲಫ್‌ನಲ್ಲಿ ಕರೆಂಟು ತಯಾರಾಗುವ ಕಡೆ ಆಫೀಸರುಗಳ ಬಂಗಲೆಗಳಿದ್ದವು. ಆ ಬಂಗಲೆಗಳಿಗೆಂದೇ ತಾತ ಕೋಸು, ಕ್ಯಾರೆಟ್, ಬೀಟ್‌ರೂಟ್ ಬೆಳೆದು ಗಾಡಿಯಲ್ಲಿ ಒಯ್ಯುತ್ತಿದ್ದ. ಬಂಗಲೆಯವರಿಗೆ ಬೇಕಾದದ್ದು ಗೆಡ್ಡೆ ಮಾತ್ರ. ಸೊಪ್ಪನ್ನೆಲ್ಲ ಕೊಯ್ದು ಹಸುವಿನ ಮುಂದೆ ಹಾಕುತ್ತಿದ್ದ.

ಅಷ್ಟು ಎಳೆಯ ಸೊಪ್ಪನ್ನು ಹಸು ಚಪ್ಪರಿಸುವುದನ್ನು ನೋಡಿ ರೇವಿಗೆ ತಡೆಯಲಾಗಿರಲಿಲ್ಲ. ಮನೆಗೆ ಬಂದು ಅಜ್ಜಿಯನ್ನು ಕೇಳಿದ್ದಳು. “ದೊರೆಗಳು ತಿನ್ನೋದು ನಮ್ ಮಡಕೆಗೆ ಬ್ಯಾಡ. ಅದ್ಯಾವ ಸೊಪ್ಪೋ, ಏನೋ!” ಎಂದು ಅಜ್ಜಿ ಅಲ್ಲಿಗೇ ಮಾತು ಮುಗಿಸಿದ್ದಳು.

ಆದರೂ ಇವತ್ತು ಅವಳ ಕಾಲು ತೋಟದ ಹತ್ತಿರ ನಿಂತೇಬಿಟ್ಟಿತ್ತು.

“ತಾತ, ಈ ಸೊಪ್ಪ ಜನ ತಿನ್ನಬೋದಾ?”

“ನಮ್ಮನೇಲಿ ತಿಂತೀವಲ್ಲಮ್ಮ!” ಗೌಸ್ ಪೀರ್ ತಾತ ಕುಡುಗೋಲು ಕೆಳಗಿಟ್ಟು ಹೇಳಿದ. “ಮೂರು ನೀರಲ್ಲಿ ತೊಳಿ, ಮಣ್ಣು ಜಾಸ್ತಿ ಇರ್ತದೆ. ಕಡ್ಡಿ ಬೇಯೋದು ನಿಧಾನ, ಅದನ್ನ ಮೊದ್ಲು ಹಾಕು. ಎಲೆ ಆಮೇಲೆ.” ಒಂದು ಕಂತೆ ಸೊಪ್ಪು ಕಟ್ಟಿ ಅವಳ ಕೈಗಿತ್ತ. ತಿನ್ನಲಿಕ್ಕೆ ಅಂತ ನಿಂಬೆಹಣ್ಣಿನ ಗಾತ್ರದ ಎರಡು ಗೆಡ್ಡೆಯನ್ನೂ ಕೊಟ್ಟ.

ರೇವಿ ತಾತ ಹೇಳಿದ ಹಾಗೇ ಮಾಡಿದ್ದಳು. ಹಲಸಂದೆಕಾಳು ಅರ್ಧ ಬೆಂದ ಮೇಲೆ ಕಡ್ಡಿ, ಕೊನೆಗೆ ಎಲೆ. ಗೆಡ್ಡೆಯನ್ನು ಹಾಕು ಎಂದು ತಾತ ಹೇಳಿರಲಿಲ್ಲ. ರಕ್ತದ ಬಣ್ಣವೇ ಇದೆಯಲ್ಲ, ತಮ್ಮನಿಗೆ ಒಳ್ಳೆಯದಿರಬೇಕು ಎಂದು ಅವಳೇ ಹೆಚ್ಚಿ ಹಾಕಿದ್ದಳು. ಬೆಂದದ್ದನ್ನು ಬಸಿದು, ಆ ನೀರಿಗೆ ಮೆಣಸಿನಕಾಯಿ, ಬೆಳ್ಳುಳ್ಳಿ, ಹುಣಸೆಹಣ್ಣು ಅರೆದು ಹಾಕಿ ಕುದಿಸಿದಳು. ಬಸಿದ ಸೊಪ್ಪು ಕಾಳಿಗೆ ಈರುಳ್ಳಿ ಒಗ್ಗರಣೆ ಕೊಟ್ಟು ಪಲ್ಯ ಮಾಡಿದಳು.

“ಬಣ್ಣದ ಸಾರು!” ಎಂದು ಅಪ್ಪಾಜಿ ತಟ್ಟೆಗೆ ಬೆರಳಿಟ್ಟು ನೆಕ್ಕಿದ. ತುತ್ತಿಗೊಂದು ಸಲ ಗೋಗರೆಸುತ್ತಿದ್ದ ಹುಡುಗ ಅವತ್ತು ಒಂದು ಮುದ್ದೆ ಪೂರಾ ನುಂಗಿದ. ಪಲ್ಯವನ್ನು ಎರಡು ಸಲ ಹಾಕಿಸಿಕೊಂಡ. ರೇವಿಯೂ ಹೊಟ್ಟೆ ತುಂಬ ಉಂಡಳು. ಅಜ್ಜಿ ಮಾತ್ರ ಹಲ್ಲುನೋವು ಅಂತ ಮಜ್ಜಿಗೆ ಕುಡಿದು ಮಲಗಿದಳು.

*

ಬೆಳಗ್ಗೆ ಹಿತ್ತಲಿನಿಂದ ಅಪ್ಪಾಜಿ ಕೂಗಿದ.

“ಅಕ್ಕಾ, ಬಾ ಇಲ್ಲಿ! ನನ್ ಉಚ್ಚೆ ನೋಡು!”

ರೇವಿ ಓಡಿಹೋದಳು. ಬೂದಿಗುಂಡಿಯ ಪಕ್ಕದ ಕಲ್ಲಿನ ಮೇಲೆ ಕೆಂಪಗೆ ಹರಿದಿತ್ತು.

ಅವಳು ಒಂದು ಚೊಂಬು ನೀರು ತಂದು ಕಲ್ಲಿನ ಮೇಲೆ ಸುರಿದಳು. ಕಾಲಿನಿಂದ ಮಣ್ಣು ಎಳೆದಳು.

“ಒಟ್ಟೆ ನೋಯ್ತದೇನ್ಲಾ?”

“ಇಲ್ಲ.”

“ತಲೆ?”

“ಇಲ್ಲ ಕಣಕ್ಕಾ. ಯಾಕೆ ಕೆಂಪಗಾಯ್ತು?”

“ಅಜ್ಜಿಗೆ ಏಳ್ಬ್ಯಾಡ. ನಿಂಗೆ ಬೆಲ್ಲ ಕೊಡ್ತೀನಿ.”

ಅವಳೂ ಹಿತ್ತಲ ಮರೆಗೆ ಹೋಗಿ ನೋಡಿಕೊಂಡಳು. ಅವಳಿಗೆ ಏನೂ ಆಗಿರಲಿಲ್ಲ, ಎಂದಿನ ಹಾಗೇ ಇತ್ತು. ಅದನ್ನು ನೋಡಿ ಇನ್ನೂ ಹೆದರಿಕೆಯಾಯಿತು. ಇಬ್ಬರೂ ಉಂಡದ್ದು ಒಂದೇ ಮಡಕೆಯದು. ತನಗಿಲ್ಲದ್ದು ಅವನಿಗೆ ಹೇಗೆ ಬಂತು? ಅವನಿಗೆ ಜ್ವರ ಬಂದಿತ್ತಲ್ಲ, ಅದಕ್ಕೇ ಆ ಸೊಪ್ಪು ವಿಷವಾಯಿತೇ? ಇಲ್ಲ ಆ ಗೆಡ್ಡೆಯಿಂದಲೇ?

ಸ್ಕೂಲಿನಲ್ಲಿ ಕೆಂಪಸಿದ್ದಯ್ಯ ಮೇಷ್ಟ್ರು ಹನ್ನೆರಡರ ಮಗ್ಗಿ ಹೇಳು ಅಂದರು. ರೇವಿ ಎದ್ದು ನಿಂತಳು. ಹನ್ನೆರಡೊಂದ್ಲ ಹನ್ನೆರಡು ಅಂದಳು. ಮುಂದಕ್ಕೆ ಹೋಗಲಿಲ್ಲ.

“ಏನಮ್ಮ, ಮೈಯಲ್ಲಿ ಹುಷಾರಿಲ್ವಾ?”

“ಇಲ್ಲ ಸಾ… ಹೂಂ ಸಾ.”

ಹುಡುಗರು ಕಿಸಕ್ಕನೆ ನಕ್ಕರು. ಮೇಷ್ಟ್ರು ಕೂರಿಸಿದರು. ಬಿಸಿಲುಕಾಲವಾದ್ದರಿಂದ ಬೆಳಗಿನ ಸ್ಕೂಲು. ಬೆಲ್ಲು ಹೊಡೆದ ತಕ್ಷಣ ಸ್ಲೇಟನ್ನು ಕಂಕುಳಲ್ಲಿ ಇರುಕಿಕೊಂಡು ತೋಟಕ್ಕೆ ಓಡಿದಳು.

ತೋಟದ ಬಾಗಿಲಿಗೆ ಮುಳ್ಳು ಎಳೆದಿತ್ತು. ಗಾಡಿಯಿರಲಿಲ್ಲ. ಗೌಸ್ ಪೀರ್ ತಾತ ಬ್ಲಫ್‌ಗೆ ಹೋಗಿದ್ದ. ಹಸು ಒಂದೇ ನಿಂತಿತ್ತು, ಅದೇ ಸೊಪ್ಪನ್ನು ಮೇಯುತ್ತಾ.

*

ಮನೆಯ ಮುಂದೆ ಜನ ಸೇರಿದ್ದರು.

ರೇವಿ ಸಂದಿಯಲ್ಲಿ ನುಗ್ಗಿ ಒಳಗೆ ಹೋದಳು. ಅಪ್ಪಾಜಿ ಅಜ್ಜಿಯ ತೊಡೆಯ ಮೇಲೆ ಕೂತು ಬಿಕ್ಕುತ್ತಿದ್ದ. ಅವನ ಎರಡು ಕಾಲನ್ನೂ ಅಜ್ಜಿ ಒತ್ತಿ ಹಿಡಿದಿದ್ದಳು. ಒಲೆಯ ಮುಂದೆ ಪಕ್ಕದ ಬೀದಿಯ ಮುದ್ದಯ್ಯ ಕುಕ್ಕರಗಾಲಿನಲ್ಲಿ ಕೂತಿದ್ದ. ಊರಲ್ಲಿ ಮಕ್ಕಳಿಗೆ ಕಾಯಿಲೆ ಬಂದರೆ ಬರೆ ಹಾಕುತ್ತಿದ್ದವನು ಅವನೇ. ಕುಡುಗೋಲಿನ ತುದಿ ಕೆಂಡದೊಳಗಿತ್ತು.

“ಏನಾಯ್ತಜ್ಜಿ?”

“ಇನ್ನೇನಾಗ್ಬೇಕು! ರಕ್ತ ಉಯ್ತಾವ್ನೆ ಕಣಮ್ಮಿ, ನಿನ್ ತಮ್ಮ. ಬೀದೀಲಿ ಉಚ್ಚೆ ಉಯ್ದಾಗ ನಾನೇ ಕಣ್ಣಾರೆ ನೋಡ್ದೆ.”

“ಚಳಿಜ್ವರ ಬಂದೋರಿಗೆ ಇಂಗಾದ್ರೆ ತಡ ಮಾಡಂಗಿಲ್ಲ,” ಎಂದ ಮುದ್ದಯ್ಯ. “ಒಟ್ಟೆ ಮೇಲೆ ಎರಡು ಬರೆ. ಅಷ್ಟೆಯ.”

“ಅಕ್ಕಾ, ಬ್ಯಾಡ ಅನ್ನಕ್ಕಾ!” ಅಪ್ಪಾಜಿ ಕಿರುಚಿದ. ಬೆಲ್ಲದ ಆಸೆಗೆ ಅವನು ಬೆಳಗಿನ ವಿಷಯ ಈವರೆಗೂ ಬಾಯಿ ಬಿಟ್ಟಿರಲಿಲ್ಲ.

ರೇವಿ ಕುಡುಗೋಲನ್ನೇ ನೋಡಿದಳು. ಹೇಳಿದರೆ, ತಮ್ಮನಿಗೆ ವಿಷ ಹಾಕಿದವಳು ಎಂದು ಇಡೀ ಊರು ಅನ್ನುತ್ತದೆ. ಅಪ್ಪ ಬಂದು ಕೇಳಿದರೆ? ಹೇಳದಿದ್ದರೆ…

ಮುದ್ದಯ್ಯ ಕುಡುಗೋಲನ್ನು ಕೆಂಡದಿಂದ ಎಳೆದ. ತುದಿ ಕೆಂಪಗೆ ಹೊಳೆಯುತ್ತಿತ್ತು.

“ಮಾವ, ತಡೀರಿ! ಅದು ನಾನು ಮಾಡಿದ್ದು!”

ಎಲ್ಲರೂ ಅವಳ ಕಡೆ ತಿರುಗಿದರು.

“ಅದು ದಂಟಲ್ಲ ಅಜ್ಜಿ. ಸಾಬ್ರ ತೋಟದ ಬೀಟ್‌ರೂಟ್ ಸೊಪ್ಪು. ಸುಳ್ಳು ಏಳ್ದೆ. ಎರಡು ಗೆಡ್ಡೆನೂ ಎಚ್ಚಾಕಿದ್ದೆ. ಆ ಕೆಂಪು ನೀರೇ ಇರ್ಬೇಕು, ರಕ್ತ ಅಲ್ಲ.”

“ತಿಂದಿದ್ ಸೊಪ್ಪು ಉಚ್ಚೇಲಿ ಬತ್ತದಾ? ತಮ್ಮುನ್ನ ಬಿಡಿಸ್ಕೊಳ್ಳಕ್ಕೆ ಕತೆ ಕಟ್ತಾವ್ಳೆ,” ಎಂದ ಮುದ್ದಯ್ಯ.

ಅಜ್ಜಿ ರೇವಿಯನ್ನೇ ನೋಡುತ್ತಿದ್ದಳು. “ನೀನೂ ತಿಂದ್ಯಲ್ಲ. ನಿಂಗೂ ಕೆಂಪಗಾಯ್ತಾ?”

ಹೂಂ ಅಂದುಬಿಟ್ಟರೆ ಸಾಕಾಗಿತ್ತು. ಆ ಮಾತು ರೇವಿಯ ನಾಲಿಗೆಯ ತುದಿಗೂ ಬಂದಿತ್ತು.

“ಇಲ್ಲ ಅಜ್ಜಿ. ನಂಗೆ ಆಗಿಲ್ಲ. ಯಾಕೆ ಅಂತ ನಂಗೊತ್ತಿಲ್ಲ.” ಅವಳಿಗೆ ಅಳು ಬಂತು. “ಗೌಸ್ ಪೀರ್ ತಾತ ಬರಗಂಟ ತಡಿ. ಅವರ ಮನೇಲಿ ತಿಂತಾರಂತೆ. ಅವರನ್ನ ಕೇಳು. ಅವರು ವಿಷ ಅಂದ್ರೆ ನಂಗೂ ಬರೆ ಹಾಕ್ಸು.”

ಕುಡುಗೋಲಿನ ತುದಿ ನಿಧಾನಕ್ಕೆ ಕಪ್ಪಗಾಗುತ್ತಿತ್ತು. ಮುದ್ದಯ್ಯ ಅದನ್ನು ಮತ್ತೆ ಕೆಂಡಕ್ಕೆ ತೂರಿಸಲು ಹೋದ.

“ಬುಡು ಮುದ್ದಯ್ಯ,” ಎಂದಳು ಅಜ್ಜಿ. “ಸಾಬ್ರು ಬರ್ಲಿ.”

“ಆಮೇಲೆ ನನ್ನ ಅನ್ಬ್ಯಾಡಿ!” ಮುದ್ದಯ್ಯ ಕುಡುಗೋಲನ್ನು ಗೋಡೆಗೆ ಒರಗಿಸಿ ಜಗಲಿಗೆ ಹೋಗಿ ಕೂತ.

ರೇವಿ ಶಿವನಸಮುದ್ರದ ರಸ್ತೆಗೆ ಓಡಿದಳು. ಮಧ್ಯಾಹ್ನದ ಬಿಸಿಲಿಗೆ ರಸ್ತೆ ಕಾದಿತ್ತು. ಒಂದು ಕಾಲು ಎತ್ತಿ ಇನ್ನೊಂದು ಕಾಲಿನ ಮೇಲಿಟ್ಟುಕೊಂಡು ಹೊಂಗೆಮರದ ಕೆಳಗೆ ನಿಂತಳು. ದೂರದಲ್ಲಿ ಗಾಡಿ ಕಂಡರೆ ಸಾಕು, ರಸ್ತೆಯ ಮಧ್ಯಕ್ಕೆ ಓಡುತ್ತಿದ್ದಳು. ಒಂದು ಹುಲ್ಲಿನ ಗಾಡಿ ಬಂತು, ಒಂದು ಸೌದೆ ಗಾಡಿ ಬಂತು. ಮೂರನೆಯದು ಗೌಸ್ ಪೀರ್ ತಾತನದು.

ಅವಳು ಅಳುತ್ತಾ ಹೇಳಿದ್ದರಲ್ಲಿ ತಾತನಿಗೆ ಅರ್ಧವೂ ತಿಳಿಯಲಿಲ್ಲ. ಬರೆ ಎಂಬ ಮಾತು ಮಾತ್ರ ತಿಳಿಯಿತು. “ಹತ್ತು ಬೇಟಿ!” ಎಂದು ಅವಳನ್ನು ಗಾಡಿಗೆ ಎಳೆದುಕೊಂಡು ಎತ್ತುಗಳನ್ನು ಓಡಿಸಿದ.

*

“ಅಯ್ಯೋ ಪುಟ್ಟಮಾದಮ್ಮ, ನಾನು ಮೊದ್ಲೇ ಹೇಳ್ಬೇಕಾಗಿತ್ತು. ತಪ್ಪು ನಂದು,” ಎಂದ ತಾತ, ಬಾಗಿಲಲ್ಲೇ ನಿಂತು. “ನಮ್ ಸೊಸೆ ಶಕೀಲಾ ಮದುವೆಯಾಗಿ ಬಂದ ಹೊಸದ್ರಲ್ಲಿ ಇದೇ ಆಯ್ತು. ಮನೆಯೆಲ್ಲ ಅತ್ತು, ಗಾಡಿ ಕಟ್ಕೊಂಡು ಮಳವಳ್ಳಿ ಆಸ್ಪತ್ರೆಗೆ ಓಡಿದ್ವಿ. ಡಾಕ್ಟರು ಬೈದು ಕಳಿಸಿದ್ರು. ಅದು ಬರೀ ಬಣ್ಣ, ಒಬ್ಬರಿಗೆ ಬರ್ತದೆ ಒಬ್ಬರಿಗೆ ಬರಲ್ಲ, ರಕ್ತ ಕಮ್ಮಿ ಇದ್ದೋರಿಗೆ ಜಾಸ್ತಿ ಬರ್ತದೆ ಅಂದ್ರು. ನಂಗೂ ಯಾವತ್ತೂ ಬಂದಿಲ್ಲ.”

“ದಿಟವಾ ಸಾಬ್ರೇ?”

“ಅಲ್ಲಾನಾಣೆ ದಿಟ. ನೀರು ಕುಡಿಸಿ. ಸಾಯಂಕಾಲದೊಳಗೆ ತಿಳಿಯಾಗದಿದ್ರೆ ನಾನೇ ಗಾಡೀಲಿ ಮಳವಳ್ಳಿಗೆ ಕರ್ಕೊಂಡು ಹೋಗ್ತೀನಿ. ಇಲ್ಲೇ ಕೂತಿರ್ತೀನಿ.”

ತಾತ ಹೇಳಿದ ಹಾಗೇ ಜಗಲಿಯ ಮೇಲೆ ಮುದ್ದಯ್ಯನ ಪಕ್ಕದಲ್ಲಿ ಕೂತ. ರೇವಿ ತಮ್ಮನಿಗೆ ಲೋಟದ ಮೇಲೆ ಲೋಟ ನೀರು ಕುಡಿಸಿದಳು. ಸ್ವಲ್ಪ ಹೊತ್ತಿಗೆ ಅವನು ಇನ್ನೊಂದು ಸಲ ಉಚ್ಚೆ ಹೊಯ್ದಾಗ ತೆಳು ಗುಲಾಬಿ. ಅಜ್ಜಿ ಗಳಿಗೆಗೊಮ್ಮೆ ಅಪ್ಪಾಜಿಯ ಹಣೆ ಮುಟ್ಟಿ ನೋಡುತ್ತಿದ್ದಳು. ನೆರಳು ಜಗಲಿಯಿಂದ ಬೀದಿಗೆ ಇಳಿಯಿತು.

“ಬತ್ತಾ ಅದೆ!” ಎಂದ ಅಪ್ಪಾಜಿ.

ಎಲ್ಲರೂ ಹಿತ್ತಲಿಗೆ ನುಗ್ಗಿದರು. ಇಷ್ಟು ಜನ ನೋಡುತ್ತಿದ್ದಾರೆ ಅಂತ ಅವನಿಗೆ ನಾಚಿಕೆಯಾಗಿ ಸುಮಾರು ಹೊತ್ತು ಬರಲೇ ಇಲ್ಲ. “ಅತ್ಲಾಗಿ ತಿರುಗಿ!” ಎಂದು ಕೂಗಿದ. ಎಲ್ಲರೂ ತಿರುಗಿದರು. ರೇವಿ ಮಾತ್ರ ಕಣ್ಣಂಚಿನಲ್ಲಿ ನೋಡಿದಳು.

ನೀರಿನಷ್ಟೇ ತಿಳಿ.

ಗೌಸ್ ಪೀರ್ ತಾತ ರುಮಾಲಿನಿಂದ ಮುಖ ಒರೆಸಿಕೊಂಡ. ಮುದ್ದಯ್ಯ ಬಗ್ಗಿ ನೋಡಿ, ತಲೆ ಕೆರೆದುಕೊಂಡು, ಕುಡುಗೋಲು ಎತ್ತಿಕೊಂಡು ಹೋದ.

*

ದೀಪ ಹಚ್ಚುವ ಹೊತ್ತಿಗೆ ಮನೆಯಲ್ಲಿ ಮೂವರೇ ಉಳಿದಿದ್ದರು. ಅಪ್ಪಾಜಿ ಉಂಡು ಚಾಪೆಯ ಮೇಲೆ ಅಡ್ಡಾದಿಡ್ಡಿ ಮಲಗಿದ್ದ. ಈಗ ಬೈಗುಳ ಶುರುವಾಗುತ್ತದೆ ಎಂದು ರೇವಿ ಗೋಡೆಗೆ ಒತ್ತಿ ಕೂತಿದ್ದಳು.

ಅಜ್ಜಿ ಬೈಯಲಿಲ್ಲ. “ನಿಮ್ಮಪ್ಪನಿಗಿಂತ ಮುಂಚೆ ನಂಗೊಬ್ಬ ಮಗ ಇದ್ದ,” ಅಂದಳು. “ಚಿಕ್ಕಬೋರ. ಅವ್ನಿಗೂ ಚಳಿಜ್ವರ. ಅವ್ನಿಗೂ ಇಂಗೇ ಕೆಂಪಗೆ ಓಯ್ತು. ಅದು ಸೊಪ್ಪಲ್ಲ.”

ರೇವಿ ತಲೆ ಎತ್ತಿದಳು.

“ಬರೆ ಹಾಕ್ಸ್‌ದೆ. ನಾನೇ ಕಾಲು ಇಡ್ಕಂಡಿದ್ದೆ. ಮಗ ಉಳೀನಿಲ್ಲ.”

ಅಜ್ಜಿ ಅಪ್ಪಾಜಿಯ ಕಾಲ ಮೇಲೆ ಕಂಬಳಿ ಎಳೆದಳು. ಅವಳ ಕೈ ನಡುಗುತ್ತಿತ್ತು. ಮಧ್ಯಾಹ್ನ ತಮ್ಮನ ಕಾಲು ಒತ್ತಿ ಹಿಡಿದಾಗಲೂ ಆ ಕೈ ಹೀಗೇ ನಡುಗಿತ್ತು. ಆಗ ರೇವಿಗೆ ಅದು ಸಿಟ್ಟು ಅಂತ ಕಂಡಿತ್ತು.

ಅವಳು ಗೋಡೆ ಬಿಟ್ಟು ಸರಿದು ಬಂದು ಅಜ್ಜಿಗೆ ಒರಗಿ ಕೂತಳು.

“ಅಮ್ಮಿ, ಎಂಗೆ ಮಾಡ್ದೆ ಆ ಸಾರ?” ಅಜ್ಜಿ ಕೇಳಿದಳು. “ಮಗ ಮುದ್ದೆ ಪೂರಾ ತಿಂದ್ನಲ್ಲ.”

ರೇವಿ ಹೇಳತೊಡಗಿದಳು. ಮೂರು ನೀರಲ್ಲಿ ತೊಳೆದದ್ದು, ಕಾಳು ಬೇಯಿಸಿದ್ದು, ಮೊದಲು ಕಡ್ಡಿ, ಆಮೇಲೆ ಎಲೆ. ಬೆಲ್ಲದ ಡಬ್ಬಿಯಿಂದ ಒಂದು ಚೂರು ತೆಗೆದು ಸಾರಿಗೆ ಹಾಕಿದ್ದು ಅಜ್ಜಿಗೆ ಗೊತ್ತೇ ಇರಲಿಲ್ಲ. ಅದನ್ನೂ ಹೇಳಿದಳು.