ಗಿಟಾರಿನೊಳಗಿನ ಬಳೆ

"ತೆಗೀಬ್ಯಾಡ್ರಿ!"

ಅವನು ಕೂಗಿದ ರಭಸಕ್ಕೆ ಶಹರಬಾನುವಿನ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಅಲ್ಲೇ ನಿಂತಿತು.

ಶಹಾಬಾದಿನ ಬಜಾರಿನಲ್ಲಿ ಹಮೀದಾಬಿಯ ಅರಗಿನ ಬಳೆಗಳ ಅಂಗಡಿ ಎಂದರೆ ಗೊತ್ತಿಲ್ಲದವರಿರಲಿಲ್ಲ. ಆ ದಿನ ಹಮೀದಾಬಿ ಮದುವೆಮನೆಯವರಿಗೆ ಬಳೆ ತೊಡಿಸಲು ದಂಡೋತಿಗೆ ಹೋಗಿದ್ದಳು. ಅಂಗಡಿಯಲ್ಲಿ ಮಗಳು ಶಹರಬಾನು ಒಬ್ಬಳೇ. ಎದುರಿಗೆ ಕೂತವನು ಖಾಜಾ. ಊರು ಚಿತ್ತಾಪುರ, ಕೆಲಸ ವಾಡಿ ಸ್ಟೇಶನ್ನಿನ ಪಾರ್ಸಲ್ ಆಫೀಸಿನಲ್ಲಿ, ಸಂಜೆಯಾದರೆ ಆರ್ಕೆಸ್ಟ್ರಾ ಹುಚ್ಚು.

ಇಬ್ಬರ ನಡುವೆ ಹೈದರಾಬಾದಿನಿಂದ ಬಂದ ಹೊಚ್ಚ ಹೊಸ ಕೆಂಪು ಎಲೆಕ್ಟ್ರಿಕ್ ಗಿಟಾರು ಮದುಮಗನಂತೆ ಮಿಂಚುತ್ತ ಮಲಗಿತ್ತು!

ತಂತಿಗಳ ಕೆಳಗಿನ ಬಿಳಿ ಪ್ಲಾಸ್ಟಿಕ್ ಪ್ಲೇಟು ಸಡಿಲಾಗಿತ್ತು. ಒಂದು ಸ್ಕ್ರೂ ಎಷ್ಟು ತಿರುವಿದರೂ ಸುಮ್ಮನೆ ಸುತ್ತುತ್ತಿತ್ತು. ತಂತಿ ಮೀಟಿದರೆ ಹಾಡಿನ ಜೊತೆಗೆ 'ಝರ್ರ್' ಎಂಬ ಸದ್ದು. ಅರಗು ಹಿಡಿದರೆ ಬಿಡುವುದಿಲ್ಲ ಎಂದು ಯಾರೋ ಹೇಳಿದ್ದರಿಂದ ಇಲ್ಲಿಗೆ ಬಂದಿದ್ದ.

"ಯಾಕ ತೆಗೀಬಾರದ್ರಿ?" ಎಂದಳು.

"ಸುಮ್ಮ... ಮ್ಯಾಲಿಂದ ಅರಗು ಹಚ್ಚಿ ಕೊಡ್ರಿ, ಸಾಕು."

"ಮ್ಯಾಲಿಂದ ಹಚ್ಚಿದ್ರ ನಾಕ ದಿನಕ್ಕ ಕಿತ್ತು ಬರ್ತದ. ತೂತಿನಾಗ ತುಂಬಬೇಕು. ಪ್ಲೇಟು ತೆಗೀದೆ ಹ್ಯಾಂಗ ತುಂಬಲಿ?"

ಮಾತು ಖರೆಯೇ. ಆದರೆ ಅರ್ಧ ಮಾತ್ರ ಖರೆ. ಉಳಿದರ್ಧ ಕುತೂಹಲ! ಬೇಡ ಎಂದ ಡಬ್ಬಿಯನ್ನೇ ಮೊದಲು ತೆರೆಯುವ ಹುಡುಗಿ ಅವಳು.

"ಇದಕ ಹೊಟ್ಟಿ ಮ್ಯಾಲ ತೂತೇ ಇಲ್ಲಲ್ಲ... ಮತ್ತ ದನಿ ಎಲ್ಲಿ ಕುಂತದ್ರಿ?"

ಖಾಜಾ ನಕ್ಕುಬಿಟ್ಟ. "ಕರೆಂಟ್ ಹಚ್ಚಿದ್ರ ಬರ್ತದ್ರಿ."

"ಹಚ್ಚಲಿಲ್ಲಂದ್ರ?"

"ಸೊಳ್ಳಿ ಹಾಡಿದಂಗ ಕೇಳಸ್ತದ!"

ಅವಳೂ ನಕ್ಕಳು. ನಗುವಾಗ ಅವನ ಕಣ್ಣುಗಳು ಕಿರಿದಾಗುತ್ತಿದ್ದವು. 'ಅಯ್ಯೋ, ನಾನ್ಯಾಕ ಇವರ ಕಣ್ಣ ನೋಡಾಕತ್ತೀನಿ?' ಎಂದುಕೊಂಡು ಗಿಟಾರಿನ ಕಡೆ ತಿರುಗಿದಳು.

ನಗುವಿನ ಮುಲಾಜಿಗೆ ಬಿದ್ದು ಅವನೇ ತಂತಿಗಳನ್ನು ಸಡಿಲಿಸಿದ. ಅವಳು ಒಂದೊಂದೇ ಸ್ಕ್ರೂ ಬಿಚ್ಚಿ ಪ್ಲೇಟನ್ನು ಮೆಲ್ಲಗೆ ಎತ್ತಿದಳು. ಒಳಗೆ ಅಂಗೈಯಗಲದ ತಗ್ಗು, ಕೂದಲಿನಂಥ ತಾಮ್ರದ ತಂತಿ, ಮತ್ತು...

ಒಂದು ಹಳೆಯ ಕೆಂಪು ಅರಗಿನ ಬಳೆ.

ಅದು ಅಡ್ಡಡ್ಡ ಸಿಕ್ಕಿಕೊಂಡಿದ್ದರಿಂದಲೇ ಪ್ಲೇಟು ಕೂತಿರಲಿಲ್ಲ. ಅದರ ಮೇಲೆ ಬಲವಂತವಾಗಿ ಸ್ಕ್ರೂ ಬಿಗಿಯಲು ಹೋಗಿ ತೂತು ಹಾಳಾಗಿತ್ತು.

"ಇದು... ಯಾರದ್ರಿ?"

ಖಾಜಾನ ಮುಖ ಕೆಂಪಾಯಿತು. "ಭಾಳ ಬೇಕಾದವ್ರದು," ಎಂದಷ್ಟೇ ಹೇಳಿದ. ಅಷ್ಟರಲ್ಲಿ ವಾಡಿಗೆ ಹೋಗುವ ಪ್ಯಾಸೆಂಜರ್ ರೈಲು ಸೀಟಿ ಹೊಡೆಯಿತು. "ನಂದು ಡ್ಯೂಟಿ ಅದ್ರಿ, ನಾಡಿದ್ದು ಬರ್ತೀನಿ. ಬಳಿ ಜ್ವಾಕಿ ಇಡ್ರಿ!" ಎಂದವನೇ ಓಡಿದ.

ಶಹರಬಾನು ಬಳೆ ಹಿಡಿದು ಹಾಗೇ ಕೂತಳು.

ಬಳೆ ಅಂಗಡಿಗೆ ಗಂಡಸೊಬ್ಬ ಒಂಟಿ ಬಳೆ ತಂದುಕೊಟ್ಟು ಹೋದ ಎಂದರೆ ಅರ್ಥ ಒಂದೇ. ಅದು ಮದುಮಗಳ ಅಳತೆ. ಆ ಅಳತೆಗೆ ಮದುವೆಯ ಜೋಡಿ ಮಾಡಿಡಬೇಕು. ಮಾತಿನಲ್ಲಿ ಹೇಳಲು ನಾಚುವವರು ಹಾಗೆ ಬಳೆ ಇಟ್ಟೇ ಹೋಗುತ್ತಿದ್ದರು. ಹಮೀದಾಬಿಯ ಅಂಗಡಿಯಲ್ಲಿ ಅವಳು ಬುದ್ಧಿ ಬಂದಾಗಿನಿಂದ ಕಂಡ ರೂಢಿ ಇದು.

'ಅಂದ್ರ ಇವರ ಮದುವಿ ಗೊತ್ತಾಗ್ಯದ... ಎಷ್ಟ ಪ್ರೀತಿ ಇದ್ರ ಅವಳ ಬಳಿ ಗಿಟಾರಿನ ಎದ್ಯಾಗ ಇಟಗೊಂಡು ತಿರಗ್ಯಾರ!'

ಒಂದು ಗಂಟೆಯ ಪರಿಚಯ. ಅದಕ್ಕೆ ಕಣ್ಣಲ್ಲಿ ನೀರೇಕೆ? ತನ್ನ ಮೇಲೆ ತನಗೇ ಸಿಟ್ಟು ಬಂತು ಅವಳಿಗೆ.

ಆದರೂ ಕೆಲಸ ಕೆಲಸವೇ. ಶಿಗಡಿಯ ಕೆಂಡದಲ್ಲಿ ಅರಗು ಕಾಯಿಸಿ, ಹಾಳಾದ ತೂತಿಗೆ ತುಂಬಿ, ಮೆತ್ತಗಿರುವಾಗಲೇ ಸ್ಕ್ರೂ ತಿರುವಿ, ತಣಿಯಲು ಬಿಟ್ಟಳು. ಪ್ಲೇಟು ಈಗ ಜಗ್ಗಿದರೂ ಅಲುಗಲಿಲ್ಲ. ಆಮೇಲೆ ಆ ಹಳೆಯ ಬಳೆಯನ್ನು ಅಳತೆಯ ಗೂಟಕ್ಕೆ ಹಾಕಿ ನೋಡಿ, ಕೆಂಪು ಅರಗಿನ ಹೊಸ ಜೋಡಿ ಮಾಡತೊಡಗಿದಳು. ಕನ್ನಡಿ ಚೂರುಗಳನ್ನು ಒಂದೊಂದಾಗಿ ಕೂಡಿಸುವಾಗ ಹೊಟ್ಟೆಯುರಿ ಇತ್ತು. ಆದರೆ ಕೈ ಮಾತ್ರ ಮೋಸ ಮಾಡಲಿಲ್ಲ. ಅಷ್ಟು ಚೆಂದದ ಜೋಡಿ ಅವಳು ಅದುವರೆಗೆ ಮಾಡಿರಲಿಲ್ಲ.

'ಊರ ಹುಡುಗಿಯರ ಬಳಿ ಎಲ್ಲಾ ನೀ ಮಾಡು. ನಿನ್ನ ಮದುವಿ ಬಳಿ ಮಾತ್ರ ನಾನೇ ಮಾಡಾಕಿ. ಬಳಿಗಾರ್ತಿ ತನ್ನ ಬಳಿ ತಾ ಮಾಡಬಾರದು,' ಎಂದು ಅಮ್ಮಿ ಯಾವಾಗಲೂ ಹೇಳುತ್ತಿದ್ದ ಮಾತು ಆಗ ಸುಮ್ಮನೆ ನೆನಪಾಯಿತು.

ಹೇಳಿದಂತೆ ಮೂರನೇ ದಿನ ಖಾಜಾ ಮರಳಿ ಬಂದ ಬೆಳಗ್ಗೆಯೇ ಹಮೀದಾಬಿಯೂ ದಂಡೋತಿಯಿಂದ ಬಂದಿದ್ದಳು. ಮೂಲೆಯಲ್ಲಿ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಳು.

ಖಾಜಾ ಪ್ಲೇಟನ್ನು ಅಲುಗಿಸಿ ನೋಡಿದ. "ಏನ್ ಗಟ್ಟಿ ಕುಂತದ್ರೀ ಇದು!"

ಶಹರಬಾನು ತಲೆ ಎತ್ತಲಿಲ್ಲ. ಕಾಗದದ ಪೊಟ್ಟಣ ಮುಂದಿಟ್ಟಳು. "ಇವು ನಿಮ್ಮ ದುಲ್ಹನ್‌ಗ. ಅಳತಿ ಬರೋಬರಿ ಅದ."

"ಯಾರ ದುಲ್ಹನ್?"

"ನಿಮ್ಮಾಕಿ! ಅಳತಿ ಬಳಿ ಕೊಟ್ಟು ಹೋಗಿದ್ರಲ್ಲ..."

ಖಾಜಾ ಪೊಟ್ಟಣ ಬಿಚ್ಚಿದ, ಬಳೆ ನೋಡಿದ, ಅವಳ ಕೆಂಪಾದ ಕಣ್ಣು ನೋಡಿದ. ಮದುವೆ ಇಲ್ಲ, ಮುಂಜಿ ಇಲ್ಲ, ಜೋಡಿ ಬಳೆ ಮಾತ್ರ ಕೈಯಲ್ಲಿ!

"ಅದು ಅಳತಿ ಅಲ್ರಿ..." ಅವನು ಪಕ್ಕದಲ್ಲಿದ್ದ ಹಳೆಯ ಬಳೆಯನ್ನು ಮುಟ್ಟಿದ. "ನಮ್ಮ ಅಮ್ಮಿದು. ಹ್ವಾದ ವರ್ಷ ತೀರಕೊಂಡ್ಲು. ನಾ ಗಿಟಾರ್ ತಗೋಬೇಕು, ತಾ ಎದುರಿಗೆ ಕುಂತು ಕೇಳಬೇಕು ಅಂತ ಭಾಳ ಆಸಿ ಇತ್ತು. ಕೇಳಲಿಲ್ಲ. ಅದಕ ಒಳಗ ಇಟ್ಟೆ... ಸನೀಕ ಇರ್ಲಿ, ನನ್ನ ಎದಿ ಹತ್ರಾನೇ ಇರ್ಲಿ ಅಂತ. ಇಷ್ಟ ದೊಡ್ಡಾವ ಹಿಂಗ ಮಾಡ್ತಾನ ಅಂತ ನೀವು ನಗತೀರಂತ ಹೇಳಲಿಲ್ಲ."

ಶಹರಬಾನುವಿಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಅದರ ಹಿಂದೆಯೇ, ಎರಡು ದಿನ ಎದೆಯಲ್ಲಿ ಕೂತಿದ್ದ ಭಾರ ಇಳಿದುಹೋಯಿತು.

ಹಮೀದಾಬಿ ಹಳೆಯ ಬಳೆ ಎತ್ತಿ ಬೆಳಕಿಗೆ ಹಿಡಿದಳು. "ಇದು ನನ್ನ ಕೈಯಾಗಿನ ಕೆಲಸ. ಚಿತ್ತಾಪುರದ ರಶೀದಾಬೇಗಂ... ಸಣ್ಣ ಕೈ ಆಕೀದು. ನೀ ಆಕೀ ಮಗಾ ಏನೋ?"

"ಹೌದ್ರಿ."

ಹಮೀದಾಬಿ ಬಳೆಯನ್ನು ಸೆರಗಿನಿಂದ ಒರೆಸಿ ಮಗಳ ಕೈಗಿಟ್ಟಳು.

"ನಂದೇ ತಪ್ಪಾತ್ರಿ," ಶಹರಬಾನು ಮೆಲ್ಲಗೆಂದಳು. "ಈ ಬಳಿನ ಒಳಗ ಒಂದ ಬದಿಗೆ ಅರಗಿನಿಂದ ಕೂಡಿಸಿ ಕೊಡ್ತೀನಿ. ಅಡ್ಡ ಬರೂದಿಲ್ಲ, ಸಪ್ಪಳಾನೂ ಆಗೂದಿಲ್ಲ. ಈ ಹೊಸಾ ಜೋಡಿ... ಕರಗಿಸಿಬಿಡ್ತೀನಿ."

"ಕರಗಸಬ್ಯಾಡ್ರಿ!"

ಮೊದಲ ದಿನದ ಅದೇ ಕೂಗು!

"ನಿಮ್ಮ ಕೈಗೆ... ಬರ್ತಾವೇನ್ರಿ?" ಅವನು ಗಿಟಾರನ್ನೇ ನೋಡುತ್ತ ಕೇಳಿದ.

ಅವಳು ಮೂಲೆಯತ್ತ ನೋಡಿದಳು. ಅಮ್ಮಿ ಎದುರಿಗೇ ಇದ್ದಾಳೆ! "ಬರೂದಿಲ್ಲ. ನನ್ನ ಕೈ ದೊಡ್ಡದು."

ಅವನ ಮುಖ ಬಾಡಿತು. ಅದನ್ನು ನೋಡಲಾಗದೆ ಅವಳೇ ಹೇಳಿದಳು, "ಆದ್ರ... ಇವು ಅರಗಿನವು ಅಲ್ಲೇನ್ರಿ? ಬೆಂಕಿ ತೋರಸಿದ್ರ ದೊಡ್ಡವು ಆಗ್ತಾವ."

"ಮತ್ತ... ದೊಡ್ಡದು ಮಾಡಕೋತೀರೇನು?"

ಉತ್ತರದ ಬದಲು ಅವಳ ಕೈ ಬಳೆಗಳತ್ತ ಹೋಯಿತು. ಅಷ್ಟರಲ್ಲಿ ಹಮೀದಾಬಿ ಜೋಡಿಯನ್ನು ಕಸಿದುಕೊಂಡಳು.



ಹಮೀದಾಬಿ ಶಿಗಡಿಯ ಮುಂದೆ ಕೂತು ಕೆಂಡ ಊದಿದಳು. ಮಗಳ ಕಡೆ ನೋಡದೆ ಗದರಿದಳು:

"ನಿನ್ನ ಬಳಿ ನೀ ಮಾಡಬಾರದು ಅಂತ ಎಷ್ಟ ಸಲ ಹೇಳೀನಿ? ಅತ್ತ ಸರಿ, ನಾ ಮಾಡ್ತೀನಿ... ಖಾಜಾ, ಶುಕ್ರವಾರ ನಿಮ್ಮ ಅಬ್ಬಾನ್ನ ಕರಕೊಂಡು ಬಾ."

ಶಹರಬಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅಳುವೋ ನಗುವೋ ಅವಳಿಗೇ ತಿಳಿಯಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಒಂದು ಕಣ್ಣಷ್ಟೇ ಹೊರಗೆ ಬಂತು.

"ಒಂದ ಸಲ ಬಾರಸ್ರಿ."

"ಇಲ್ಲಿ ಕರೆಂಟಿಗೆ ಹಚ್ಚೂದಕ್ಕ ಏನೂ ಇಲ್ಲಲ್ರಿ. ಸೊಳ್ಳಿ ಹಾಡಿದಂಗ ಕೇಳಸ್ತದ."

"ಕೇಳಸಲಿ," ಎಂದಳು ಅವಳು. "ನಾ ಸನೀಕ ಬಂದು ಕುಂದರ್ತೀನಿ."