ಎಡಗಡೆಯ ಮುಂಚಕ್ರ

ಶ್ರೀಹರಿ ಹೋದನೆಂಬ ಸುದ್ದಿ ಚಾಮರಾಜಪೇಟೆಯ ಮನೆಗೆ ಬಂದದ್ದು ಒಂದು ಭಾನುವಾರದ ಬೆಳಿಗ್ಗೆ. ವರದರಾಜರು ಸ್ನಾನ ಮುಗಿಸಿ ದೇವರ ಮುಂದೆ ಕುಳಿತು ಮೈಮೇಲೆ ಗೋಪೀಚಂದನದ ಮುದ್ರೆ ಒತ್ತಿಕೊಳ್ಳುತ್ತಿದ್ದರು. ಬಲ ಕಪಾಳಕ್ಕೆ ಚಕ್ರ ಒತ್ತಿಯಾಗಿತ್ತು. ಒದ್ದೆ ಗೋಪೀಚಂದನ ಮೆತ್ತಿದ ಶಂಖದ ಹಿತ್ತಾಳೆ ಮುದ್ರೆಯನ್ನು ಎಡ ಕಪಾಳಕ್ಕೆ ಎತ್ತುವಷ್ಟರಲ್ಲಿ ಬಾಗಿಲಲ್ಲಿ ಪೊಲೀಸಿನವನೊಬ್ಬ ನಿಂತಿದ್ದ.

"ಶ್ರೀಹರಿ ಅನ್ನೋರು ನಿಮ್ಗೇನಾಗ್ಬೇಕು?"

"ತಮ್ಮ."

"ಕನಕಪುರ ರಸ್ತೇಲಿ ಕಾರು ಮರಕ್ಕೆ ಹೊಡೆದಿದೆ ಸ್ವಾಮಿ. ನೀವೊಂದ್ಸಲ ಆಸ್ಪತ್ರೆಗೆ ಬರ್ಬೇಕು."

ಮುದ್ರೆ ಕೈಯಿಂದ ಜಾರಲಿಲ್ಲ. ಅದು ಹಿಂದೊಮ್ಮೆ ಜಾರಿ ಬಿದ್ದಿತ್ತು, ಮಗುವಾಗಿದ್ದ ಶ್ರೀಹರಿಯ ಕೈಯಿಂದ. ಅಂದು ಮುರಿದ ಶಂಖದ ಬಾಲವನ್ನು ವರದರಾಜರು ಸರಿಮಾಡಿಸಿರಲೂ ಇಲ್ಲ, ಹೊಸ ಮುದ್ರೆ ಕೊಂಡಿರಲೂ ಇಲ್ಲ.

ಕಾರು ಶ್ರೀಹರಿಯದಲ್ಲ. ಅವನ ಗೆಳೆಯ ಮನೋಹರನದು. ಮನೋಹರನಿಗೆ ತರಗುಪೇಟೆಯಲ್ಲಿ ಬೇಳೆಯ ಮಂಡಿ; ಜೊತೆಗೆ ಇಂಗ್ಲೆಂಡಿನಿಂದ ಯಾವ ಕಾಲದಲ್ಲೋ ಬಂದ ಎರಡು ಸೀಟಿನ ಕೆಂಪು ಸ್ಪೋರ್ಟ್ಸ್ ಕಾರಿನ ಹುಚ್ಚು. ಹಣೆಗೆ ಸಣ್ಣ ಪಟ್ಟಿ ಹಾಕಿಸಿಕೊಂಡು ಆಸ್ಪತ್ರೆಯ ಬೆಂಚಿನಲ್ಲಿ ಕೂತು ಅವನು ಹೇಳಿಕೆ ಕೊಟ್ಟ: ಗಾಡಿ ಓಡಿಸುತ್ತಿದ್ದವನು ಶ್ರೀಹರಿ.

ವರದರಾಜರು ತಮ್ಮನ ದೇಹ ನೋಡಿದ್ದರು. ಎಡ ಪಕ್ಕೆಯೆಲ್ಲ ನುಚ್ಚುನೂರು. ಕಾರನ್ನೂ ನೋಡಿದ್ದರು. ಮರಕ್ಕೆ ಬಡಿದದ್ದು ಅದರ ಎಡಭಾಗ. ಸ್ಟೀರಿಂಗ್ ಇರುವುದು ಬಲಕ್ಕೆ. ಇನ್‌ಸ್ಪೆಕ್ಟರ್ ದೊರೆಸ್ವಾಮಿಗೆ ಇದನ್ನೇ ಹೇಳಿದರು.

"ಬಡಿದಾಗ ಜನ ಎಲ್ಲೆಲ್ಲಿಗೋ ಎಗರ್ತಾರೆ ರಾಯರೇ," ಎಂದರು ದೊರೆಸ್ವಾಮಿ. "ಎಡ, ಬಲ ಅಂತ ಏನ್ ಹೇಳೋಕಾಗುತ್ತೆ?"

ಕೇಸು ಮುಚ್ಚಿತು. ಗೆಳೆಯನ ಕಾರನ್ನು ಮರಕ್ಕೆ ಗುದ್ದಿ ಸತ್ತವನೆಂಬ ಹೆಸರು ಶ್ರೀಹರಿಗೆ ಉಳಿಯಿತು. ಅವನ ಹೆಂಡತಿ ಶೈಲಜಮ್ಮ ದೇವಸ್ಥಾನಕ್ಕೆ ಹೋಗುವುದನ್ನೇ ಬಿಟ್ಟಳು. "ಹೋದಲ್ಲೆಲ್ಲ ಅವ್ರ ಸ್ಪೀಡಿನ ಮಾತೇ ಎತ್ತುತ್ತಾರೆ ಭಾವ. ಮೂವತ್ತರ ಮೇಲೆ ಸ್ಕೂಟರ್ ಓಡಿಸ್ದೋರಲ್ಲ ಅವ್ರು."

ವರದರಾಜರು ಆ ಮಾತನ್ನು ಮರೆಯಲಿಲ್ಲ. ಒಳಗೆ ಬೆಳೆದ ಹಗೆಗಾಗಿ ದೇವರಲ್ಲಿ ಕ್ಷಮೆಯನ್ನೂ ಕೇಳಲಿಲ್ಲ. ಸುಳ್ಳು ಸಾಕ್ಷಿ ಹೇಳಿದವನು ಹಾಯಾಗಿ ಉಣ್ಣುವ ಊರಿನಲ್ಲಿ ತಾನೊಬ್ಬನೇ ಯಾಕೆ ತಲೆ ತಗ್ಗಿಸಬೇಕು ಎಂದುಕೊಂಡರು.

ಮರುವರ್ಷ ಮನೋಹರನೇ ದಾರಿ ತೋರಿಸಿದ. ಶ್ರಾದ್ಧದ ಮಾರನೆಯ ದಿನ ಹಣ್ಣಿನ ಬುಟ್ಟಿ ಹಿಡಿದು ಬಂದ.

"ಕಾರು ರೆಡಿಯಾಯ್ತು ವರದಣ್ಣ. ಶ್ರೀಹರಿ ಇದ್ದಿದ್ರೆ ಕುಣೀತಿದ್ದ. ಮಾವಳ್ಳಿ ಗ್ಯಾರೇಜಿನೋರು ಮುಂದಿನ ಚಕ್ರಕ್ಕೆಲ್ಲ ಹೊಸ ಗ್ರೀಸ್ ತುಂಬಿದಾರೆ. ಸರಿ ತಾನೇ?"

ವರದರಾಜರು ಹಿತ್ತಲ ಶೆಡ್ಡಿನಲ್ಲಿ ಬಹುಕಾಲ ಕಾರು ರಿಪೇರಿ ಮಾಡಿದವರು. ಆ ಜಾತಿಯ ಕಾರಿನಲ್ಲಿ ಮುಂಚಕ್ರವನ್ನು ಹೊರುವುದು ಒಂದು ಉಕ್ಕಿನ ಕಂಬ. ಅದರ ತುದಿಯ ತಿರುಪು ಕಂಚಿನ ಬುಡವೊಂದರೊಳಗೆ ಕೂರುತ್ತದೆ. ಸ್ಟೀರಿಂಗ್ ತಿರುಗಿದಂತೆಲ್ಲ ಅದರಲ್ಲಿ ತಿರುಗುತ್ತದೆ. ಅಲ್ಲಿಗೆ ಎಣ್ಣೆಯೇ ಬೇಕು. ಗ್ರೀಸು ತಳಕ್ಕೆ ಇಳಿಯುವುದಿಲ್ಲ. ನೀರು ಸೇರಿ, ಕಂಬ ಒಳಗೊಳಗೇ ತುಕ್ಕು ಹಿಡಿದು, ಒಂದು ದಿನ ತಿರುವಿನಲ್ಲಿ ಮುರಿಯುತ್ತದೆ.

"ಸರಿಯಾಗೇ ಇದೆ," ಎಂದರು.

ಆದರೆ ಗ್ರೀಸು ತನ್ನ ಕೆಲಸ ಮುಗಿಸಲು ವರ್ಷಗಳು ಬೇಕು. ಅಷ್ಟು ಕಾಯುವ ವಯಸ್ಸು ಅವರದಾಗಿರಲಿಲ್ಲ. ಮದರಾಸಿನಲ್ಲಿ ತಯಾರಾಗುತ್ತಿದ್ದ ಹಳೆಯ ಸಂಸಾರಿ ಕಾರೊಂದಕ್ಕೂ ಇದೇ ಕಂಬ, ಇದೇ ಬುಡ. ಗುಜರಿಗೆ ಹೋದ ಅಂಥ ಕಾರುಗಳ ಕಂಬಗಳು ಶೆಡ್ಡಿನ ಮೂಲೆಯಲ್ಲಿ ಬಿದ್ದಿದ್ದವು. ನೋಡಲು ಎಡಬಲದವು ಅವಳಿ ಮಕ್ಕಳಂತೆ. ತಿರುಪು ಮಾತ್ರ ಒಂದರದು ಒಂದಕ್ಕೆ ಉಲ್ಟಾ. ಎಷ್ಟೋ ಮೆಕ್ಯಾನಿಕ್‌ಗಳು ಇಲ್ಲೇ ಎಡವುತ್ತಿದ್ದರು. ವರದರಾಜರ ಕೈ ಒಮ್ಮೆಯೂ ತಪ್ಪಿರಲಿಲ್ಲ.

ಅವರು ಎಡಗಡೆಯದನ್ನೇ ಆರಿಸಿದರು. ತಮ್ಮ ಕೂತಿದ್ದ ಕಡೆ. ತಿರುಪಿನ ಮೇಲೆ ಕೂದಲೆಳೆಯಂಥ ಬಿರುಕಿದ್ದ ಕಂಬ ಸಿಕ್ಕಿತು. ಶುಕ್ರವಾರ ಬೆಳಗಿನ ಪೂಜೆ ಮುಗಿಸಿ, ಬಟ್ಟಲಿನ ಗೋಪೀಚಂದನ ಆರುವ ಮೊದಲೇ ಶೆಡ್ಡಿಗೆ ಹೋಗಿ, ಅದನ್ನು ಉಜ್ಜಿ ಸಿದ್ಧಪಡಿಸಿ ಚೀಲದಲ್ಲಿಟ್ಟರು.

ಮಧ್ಯಾಹ್ನ ಮನೋಹರ ಮಂಡಿಯಲ್ಲಿರುತ್ತಾನೆ. ಬಸವನಗುಡಿಯಲ್ಲಿದ್ದ ಅವನ ಕಾರಿನ ಶೆಡ್ಡಿನ ಕೀಲಿ ಶ್ರೀಹರಿಯ ಗೊಂಚಲಿನಲ್ಲೇ ಇತ್ತು. ಆಸ್ಪತ್ರೆಯವರು ಬಟ್ಟೆಯ ಜೊತೆ ಕೊಟ್ಟಿದ್ದರು. ಕೈಗೆ ಗವಸು ಹಾಕಿಕೊಂಡು ಜಾಕ್ ಏರಿಸಿದರು. ಗಟ್ಟಿ ಕಂಬ ಬಿಚ್ಚಿ ಬಿರುಕಿನದನ್ನು ಕೂರಿಸಿದರು. ಮಾವಳ್ಳಿಯವರು ಹಚ್ಚಿದ ಹಾಗೆಯೇ ಮೇಲಿನಿಂದ ಕೆಳಗಿನವರೆಗೆ ದಪ್ಪಗೆ ಗ್ರೀಸು ಮೆತ್ತಿದರು. ಮುರಿದರೆ ಏನೆನ್ನುತ್ತಾರೆ? ಹಳೆಯ ಕಾರು, ಹಳೆಯ ಲೋಹ, ಎಣ್ಣೆಯ ಜಾಗದಲ್ಲಿ ಗ್ರೀಸು. ಬೀಗ ಹಾಕಿ, ದೊಡ್ಡ ಗಣಪತಿಗೆ ಕೈ ಮುಗಿದು, ನಡೆದೇ ಮನೆಗೆ ಬಂದರು.

ಭಾನುವಾರ ಕನಕಪುರ ರಸ್ತೆಯ ತಿರುವಿನಲ್ಲಿ ಎಡ ಮುಂಚಕ್ರ ಮಡಚಿಕೊಂಡಿತು. ಕಾರು ಹಳ್ಳಕ್ಕೆ ಉರುಳಿ ಮನೋಹರ ಅಲ್ಲೇ ಸತ್ತ. ಸುದ್ದಿ ತಂದ ಶೈಲಜಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ವರದರಾಜರು ಒಂದು ಲೋಟ ನೀರು ಕುಡಿದರು.

ವಾರ ಕಳೆಯಿತು. ಅಂದು ಬೆಳಿಗ್ಗೆ ವರದರಾಜರು ಪೂಜೆ ಮುಗಿಸಿ ಏಳುವ ಹೊತ್ತಿಗೆ ದೊರೆಸ್ವಾಮಿ ಬಟ್ಟೆಯ ಗಂಟೊಂದನ್ನು ಹಿಡಿದು ಬಂದು ಜಗಲಿಯಲ್ಲಿ ಕೂತರು.

"ಆ ಕಾರಿಗೆ ನೀವೇನಾದ್ರೂ ಕೈ ಹಾಕಿದ್ರಾ ರಾಯರೇ?"

"ತಮ್ಮ ಹೋದ್ಮೇಲೆ ಅದರ ನೆರಳೂ ನೋಡಿಲ್ಲ. ನಿಮ್ಗೂ ಅವತ್ತು ಅದನ್ನ ಸರಿಯಾಗಿ ನೋಡೋ ಪುರುಸೊತ್ತು ಇರ್ಲಿಲ್ಲ ಬಿಡಿ."

"ಅವತ್ತು ನೀವು ಎಡಗಡೆ ನೋಡಿ ಅಂದ್ರಿ, ನಾನು ಕೇಳ್ಲಿಲ್ಲ," ಎಂದರು ದೊರೆಸ್ವಾಮಿ. "ಈ ಸಲ ಎಡಗಡೇದನ್ನೇ ತಂದಿದೀನಿ."

ಗಂಟು ಬಿಚ್ಚಿದರು. ಮುರಿದ ಕಂಬ. ಗ್ರೀಸನ್ನು ಯಾರೋ ಜೋಪಾನವಾಗಿ ಒರೆಸಿದ್ದರು. ಅದರ ಅಡಿಯಲ್ಲಿ, ಉಕ್ಕಿನ ಮೇಲೆ, ಮಾಸಲು ಹಳದಿಯ ಪುಟ್ಟ ಶಂಖವೊಂದು ಅಚ್ಚೊತ್ತಿದಂತೆ ಉಳಿದಿತ್ತು. ಅವಳಿ ಕಂಬಗಳು ಅದಲುಬದಲಾಗದಿರಲೆಂದು ಪೂಜೆಯಲ್ಲಿ ಉಳಿದ ಗೋಪೀಚಂದನ ಮೆತ್ತಿ ಅದೇ ಮುದ್ರೆಗಳಿಂದ ಎಡದ್ದಕ್ಕೆ ಶಂಖ, ಬಲದ್ದಕ್ಕೆ ಚಕ್ರ ಒತ್ತುವುದು ವರದರಾಜರ ಶೆಡ್ಡಿನ ರೂಢಿ. ಆ ಶುಕ್ರವಾರವೂ ಮನಸ್ಸನ್ನು ಕೇಳದೆ ಕೈ ಅದನ್ನು ಮಾಡಿ ಮುಗಿಸಿತ್ತು. ಎಣ್ಣೆ ಹಾಕಿದ್ದರೆ ಹರಿದು ತೊಳೆದುಬಿಡುತ್ತಿತ್ತು. ಗ್ರೀಸು ಹಳ್ಳದ ನೀರನ್ನೂ ಹತ್ತಿರ ಬಿಡದೆ ಕಾಪಾಡಿತ್ತು. ಶಂಖಕ್ಕೆ ಬಾಲವಿರಲಿಲ್ಲ. ದೊರೆಸ್ವಾಮಿಯ ಕಣ್ಣು ಕಂಬದಿಂದ ಮೇಲೆದ್ದು, ವರದರಾಜರ ಎಡ ಕಪಾಳದ ಮೇಲೆ ಇನ್ನೂ ಒದ್ದೆಯಾಗಿದ್ದ ಬಾಲವಿಲ್ಲದ ಶಂಖದ ಮೇಲೆ ನಿಂತಿತು. ವರದರಾಜರು ಅದನ್ನು ಒರೆಸಿಕೊಳ್ಳಲಿಲ್ಲ. ಮುಖ ತಗ್ಗಿಸಲೂ ಇಲ್ಲ. ದೇವರ ಮನೆಯ ಕಡೆಗೆ ತಿರುಗಿ ಕೈ ಮುಗಿದರು: ಸ್ವಾಮಿ, ನನ್ನ ಲೆಕ್ಕ ಬೇರೆ ಇಡು, ಅದನ್ನು ನಾನು ಬಂದು ತೀರಿಸುತ್ತೇನೆ, ನನ್ನ ತಮ್ಮ ಯಾರ ಕಾರನ್ನೂ ಮರಕ್ಕೆ ಗುದ್ದಿದವನಲ್ಲ, ನಿನಗೆ ಗೊತ್ತು, ಅವನಿಗೆ ನಿನ್ನ ಪಾದದಲ್ಲಿ ಶಾಂತಿ ಕೊಡು.