ವರ್ಷಕ್ಕೊಂದೇ ತತ್ತಿ

"ಲೇ! ಕುಂದ್ರಲೇ! ಎದ್ದು ನಿಂತಿ ಅಂದ್ರ ಕಾಲು ಮುರೀತೀನಿ ನೋಡು!"

ಶ್ರೀಕೃತಿ ಹೆದರಿ ಕಪ್ಪು ಮಣ್ಣಿನ ಮೇಲೆ ಅಲ್ಲೇ ಕುಕ್ಕರಿಸಿದಳು. ಪಾಪ, ಬಳ್ಳಾರಿಯಿಂದ ಮೊದಲ ಬಸ್ಸು ಹಿಡಿದು, ಸಿರುಗುಪ್ಪದಲ್ಲಿ ಇಳಿದು, ಆಟೋದಲ್ಲಿ ಕುಲುಕಿಕೊಂಡು ಈ ಎರೆ ಬಯಲಿಗೆ ಬಂದವಳು. ಮೈಮೇಲೆ ತಮ್ಮನ ಶರ್ಟು, ತಲೆಗೆ ಅಪ್ಪನ ಟೋಪಿ. ಹುಲ್ಲಿನ ನಡುವೆ ಬಗ್ಗಿ ಬಗ್ಗಿ ಬಂದ ಖಾಕಿ ಶರ್ಟಿನ ಮನುಷ್ಯ ಟೋಪಿಯ ಕೆಳಗಿನ ಜಡೆ ಕಂಡದ್ದೇ ತಡ, ನಾಲಿಗೆ ಕಚ್ಚಿಕೊಂಡ.

"ಅಯ್ಯಯ್ಯ, ಮೇಡಮ್ಮೋರು! ಯಾವನೋ ಮೊಲ ಹಿಡಿಯಾಕ ಬಂದಾನ ಅನಕೊಂಡೆ. ತಪ್ಪು ತಿಳಕಾಬ್ಯಾಡ್ರಿ."

"ಕಾಲು ಮುರೀಲಿಕ್ಕೂ ಸರ್ಕಾರ ಸಂಬಳ ಕೊಡ್ತದೇನಣ್ಣ?"

"ಅಣ್ಣ ಅನಬ್ಯಾಡ್ರಿ," ಎಂದ ಅವನು, ಕಿವಿಯವರೆಗೆ ಕೆಂಪಾಗಿ. "ಕರಿಬಸವ ಅನ್ರಿ, ಸಾಕು."

ಕುರುಗೋಡಿನವನು ಕರಿಬಸವ. ನಾಲ್ಕು ವರ್ಷದಿಂದ ಈ ಬಯಲು ಕಾಯುವ ಅರಣ್ಯ ಇಲಾಖೆಯ ವಾಚರ್, ಅದೂ ಟೆಂಪರರಿ. ಅವನು ಕಾಯುತ್ತಿದ್ದದ್ದು ಒಂದು ಹಕ್ಕಿಯನ್ನು. ಪುಸ್ತಕದಲ್ಲಿ ಅದಕ್ಕೆ ಹೆಬ್ಬಕ ಅನ್ನುತ್ತಾರೆ, ಇಲ್ಲಿಯವರು ಎರೆಭೂತ ಅನ್ನುತ್ತಾರೆ. ಶ್ರೀಕೃತಿ ಎಂ.ಎಸ್ಸಿ. ಓದುವವಳು. ಪ್ರಾಣಿಗಳ ಸಂಖ್ಯೆ ಹೇಗೆ ಏರುತ್ತದೆ, ಯಾವುದು ಅದನ್ನು ತಡೆಯುತ್ತದೆ ಎಂಬುದೇ ಅವಳ ಪ್ರಾಜೆಕ್ಟು.

ಅವನು ಬೈನಾಕ್ಯುಲರ್ ಕೊಟ್ಟ. ದೂರದ ದಿಬ್ಬದ ಮೇಲೆ ಎದೆಯೆತ್ತರದ ಹಕ್ಕಿ, ಕೊರಳ ಚೀಲ ಉಬ್ಬಿಸಿ ನೆಲದವರೆಗೆ ಇಳಿಬಿಟ್ಟು ನಿಂತಿತ್ತು. ಆಮೇಲೆ ಖಾಲಿ ಕೊಡದೊಳಗೆ ಯಾರೋ ಹೂಂಗುಟ್ಟಿದ ಹಾಗೆ ಒಂದು ಸದ್ದು.

"ಯಾರನ್ನ ಕರೀತದ?"

"ಹೆಣ್ಣನ್ನ ರೀ. ಈ ಬಯಲಿಗೆಲ್ಲಾ ಇದೊಂದ ಗಂಡು, ಒಂದ ಹೆಣ್ಣು." ಹಾಗಂದವನು ಯಾಕೋ ಅವಳನ್ನು ನೋಡಿದ, ತಕ್ಷಣ ಹುಲ್ಲು ನೋಡತೊಡಗಿದ.

ಆಮೇಲೆ ಪ್ರತಿ ಶನಿವಾರ ಬಂದಳು. ಪ್ರಾಜೆಕ್ಟಿಗೆ ಅಷ್ಟು ಶನಿವಾರ ಬೇಕಿರಲಿಲ್ಲ, ಅದು ಅವಳಿಗೂ ಗೊತ್ತು.

ರಸ್ತೆ ಬದಿಯಲ್ಲಿ ಹೊನ್ನೂರಮ್ಮನ ಚಾದಂಗಡಿ, ಇಬ್ಬರೂ ಚಾ ಕುಡಿಯುತ್ತಿದ್ದದ್ದು ಅಲ್ಲೇ. ಅಲ್ಲೊಂದು ಬಡಕಲು ಹೆಣ್ಣುನಾಯಿ, ಹೊಟ್ಟೆಯಲ್ಲಿ ಮರಿ. ಶ್ರೀಕೃತಿಗೆ ಕರುಳು ಚುರ್ ಅಂದು ಮೊದಲ ದಿನವೇ ಒಂದು ಬಿಸ್ಕಿಟ್ ಪ್ಯಾಕೆಟ್ ಪೂರ್ತಿ ಹಾಕಿದಳು. ಮುಂದಿನ ವಾರ ಎರಡು. ಹೊನ್ನೂರಮ್ಮ ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿದಳು.

"ಏನವ್ವಾ, ನಾಯಿಗಾದ್ರ ಬಿಸ್ಕಿಟ್ಟು. ನಮ್ಮ ಬಸವಗ ಬರೇ ಲೆಕ್ಚರೇನು?"

"ನಂಗ ಲೆಕ್ಚರ್ರ ಸಾಕು ಬಿಡಬೇ," ಎಂದ ಕರಿಬಸವ. ಶ್ರೀಕೃತಿ ಚಾ ಲೋಟದೊಳಗೆ ನಕ್ಕಳು.

ಲೆಕ್ಚರು ನಿಜವೇ. ಜಾಲಿ ಮರದ ನೆರಳಿನಲ್ಲಿ ಅವಳು ಹೇಳುವಳು, ಅವನು ಬಾಯಿ ತೆರೆದು ಕೇಳುವನು.

"ಒಂದು ಜೋಡಿ ಇಲಿ ಬಿಡ್ರಿ. ವರ್ಷ ತುಂಬೂದ್ರಾಗ ನೂರಾರು. ಹಂಗಾದ್ರ ಭೂಮಿ ತುಂಬಾ ಇಲಿನೇ ಯಾಕಿಲ್ಲ?"

"ಹಾವು ಬಿಡತೈತೇನ್ರಿ?"

"ಹಾವು, ಹಸಿವು, ರೋಗ, ಜಾಗ. ಒಂದು ಬಯಲಿಗೆ ಇಷ್ಟೇ ಅಂತ ಒಂದು ಅಳತಿ ಇರ್ತದ. ಆದ್ರ ಸಂಖ್ಯೆ ಬಾಳ ಕಡಿಮಿ ಆದ್ರೂ ಕಷ್ಟ. ತಿನ್ಲಿಕ್ಕೆ ಇರ್ತದ, ಜಾಗ ಇರ್ತದ, ಜೋಡಿ ಸಿಗೂದಿಲ್ಲ."

"ಸಿಕ್ಕರೂ ಹೇಳಾಕ ಧೈರ್ಯ ಸಾಲಂಗಿಲ್ಲ," ಎಂದ ಅವನು ಹಕ್ಕಿಯ ಕಡೆಗೇ ನೋಡುತ್ತ.

ಅವಳು ಏನೂ ಕೇಳಿಸದವಳಂತೆ ನೋಟ್‌ಬುಕ್ಕಿನಲ್ಲಿ ಬರೆದಳು: ರಸ್ತೆ ಬದಿಯ ನಾಯಿಗಳು, ಜೂನ್‌ನಲ್ಲಿ ಆರು, ಆಗಸ್ಟ್‌ನಲ್ಲಿ ಹದಿನೇಳು. ತಿನ್ನಲು ಸಿಕ್ಕಲ್ಲಿ ಸಂಖ್ಯೆ ಏರುತ್ತದೆ. ಬರೆದ ಕೈಯೇ ಬಿಸ್ಕಿಟ್ ಹಾಕಿದ ಕೈ ಎಂಬುದು ಆ ಜಾಣೆಗೆ ಹೊಳೆಯಲಿಲ್ಲ.

ಆಗಸ್ಟಿನಲ್ಲಿ ಹೆಣ್ಣು ಹಕ್ಕಿ ತತ್ತಿ ಇಟ್ಟಿತು. ವರ್ಷಕ್ಕೆ ಒಂದೇ ತತ್ತಿ, ಗೂಡಿಲ್ಲ, ಬರೀ ನೆಲ. ಹಿಂದಿನ ಮೂರು ವರ್ಷ ಒಂದೂ ಉಳಿದಿರಲಿಲ್ಲ. ಕರಿಬಸವ ಇನ್ನೂರು ಹೆಜ್ಜೆ ದೂರದಿಂದಲೇ ಕಾಯುತ್ತಿದ್ದ.

"ಒಂದೇ ಸಲ ತೋರಸ್ರಿ," ಎಂದಳು ಶ್ರೀಕೃತಿ. "ದೂರದಿಂದ ಅಲ್ಲ, ಹತ್ರದಿಂದ. ಜೀವನದಾಗ ಮತ್ತ ನೋಡ್ತೀನೋ ಇಲ್ಲೋ."

"ಆಗಂಗಿಲ್ರಿ. ಹತ್ತರ ನಾನೂ ಹೋಗಿಲ್ಲ."

"ನನ್ನ ಸಲುವಾಗಿಯೂ ಇಲ್ಲೇನು?"

ಹಾಗೆ ಕೇಳಬಾರದಿತ್ತು. ಕೇಳಿದಳು. ಅವನು ಹೆಣ್ಣು ಮೇಯಲು ಹೋದ ಹೊತ್ತು ನೋಡಿ ಎದ್ದ.

"ನೀವು ಕೇಳಿದ್ರ ಇಲ್ಲ ಅನ್ನಾಕ ಬಾಯಿ ಬರವಲ್ದು ನಂಗ. ಒಂದ ನಿಮಿಷ. ನನ್ನ ಹೆಜ್ಜಿ ಮ್ಯಾಲ ಹೆಜ್ಜಿ ಇಡ್ರಿ."

ಹುಲ್ಲಿನ ನಡುವೆ ಮಣ್ಣಿನ ಬಣ್ಣದ್ದು, ಹಸಿರು ಮಿಶ್ರ, ಮೇಲೆ ಕಂದು ಚುಕ್ಕೆ. ಅವಳ ಅಂಗೈಯಷ್ಟು ದೊಡ್ಡದು. ಶ್ರೀಕೃತಿಯ ಕಣ್ಣು ತುಂಬಿತು. ಕರಿಬಸವ ಮೊದಲ ಸಲ ಅವಳ ಕೈ ಹಿಡಿದ. ಒಂದು ನಿಮಿಷ ಎರಡಾಯಿತು, ಮೂರಾಯಿತು. ಬಸ್ಸಿನಲ್ಲಿ ಬಳ್ಳಾರಿಯವರೆಗೂ ಆ ಕೈಯನ್ನು ಅವಳು ಮಡಿಲಲ್ಲೇ ಇಟ್ಟುಕೊಂಡು ಕುಳಿತಿದ್ದಳು.

ಮುಂದಿನ ಶನಿವಾರ ಅವನು ಬಯಲಿನಲ್ಲಿರಲಿಲ್ಲ. ಚಾದಂಗಡಿಯ ಬೆಂಚಿನ ಮೇಲೆ ಗಡ್ಡ ಬಿಟ್ಟುಕೊಂಡು ಕುಳಿತಿದ್ದ.

"ತತ್ತಿ ಹೋತ್ರಿ."

ಅವನು ಕರೆದುಕೊಂಡು ಹೋಗಿ ತೋರಿಸಿದ. ಚಿಪ್ಪಿನ ನಾಲ್ಕು ಚೂರು, ಒಣಗಿದ ಹಳದಿ ಕಲೆ. ಹಸಿ ಎರೆಯಲ್ಲಿ ಮೂಡಿ ಒಣಗಿದ ಅವಳ ಶೂಗಳ ಗುರುತು, ಪ್ರತಿ ಗುರುತಿನ ಮೇಲೂ ನಾಯಿಯ ಪಂಜ. ದಾರಿ ತಪ್ಪದೆ, ಸಾಲಾಗಿ, ಅವಳ ವಾಸನೆ ಹಿಡಿದುಕೊಂಡೇ ಬಂದಿತ್ತು.

ಹಿಂದೆ ಏನೋ ಸದ್ದಾಯಿತು. ಅದೇ ನಾಯಿ. ಈಗ ಮೈತುಂಬಿಕೊಂಡಿತ್ತು, ಹಿಂದೆ ಬೆಳೆದ ನಾಲ್ಕು ಮರಿ. ಅವಳ ಚೀಲ ಮೂಸಿ ಬಾಲ ಅಲ್ಲಾಡಿಸಿತು.

ಶ್ರೀಕೃತಿ ಅಲ್ಲೇ ಕುಸಿದು ಅತ್ತಳು. "ರಿಪೋರ್ಟಿನಾಗ ನನ್ನ ಹೆಸರು ಬರೀರಿ. ಬಿಸ್ಕಿಟ್ ಹಾಕಿದಾಕಿ ನಾನು. ಹಟ ಮಾಡಿದಾಕಿ ನಾನು."

"ಕರಕೊಂಡು ಹೋದಾಂವ ನಾನು. ನನ್ನ ಹೆಸರ ಬರದೀನಿ. ಸಾಹೇಬ್ರು ಉಗಿದ್ರು. ಬ್ಯಾರೆ ಯಾರೂ ಇಲ್ಲಿ ನಿಲ್ಲಂಗಿಲ್ಲ ಅಂತ ಇಟಕೊಂಡಾರ." ಅವನು ಚಿಪ್ಪಿನ ಚೂರು ಆರಿಸಿ ಕರ್ಚೀಫಿನಲ್ಲಿ ಕಟ್ಟಿದ. "ನಿಮ್ಮ ಮ್ಯಾಲ ನಂಗ ಮನಸೈತ್ರಿ. ಸುಳ್ಳ್ಯಾಕ ಹೇಳ್ಲಿ. ಆ ಮನಸಿನಿಂದನ ಇದು ಸತ್ತಿದ್ದು."

"ಹಂಗನಬ್ಯಾಡ್ರಿ."

"ಇನ್ನ ಬರಬ್ಯಾಡ್ರಿ. ನಿಮ್ಮ ಮಾರಿ ಕಂಡ್ರ ನಂಗ ಬಯಲು ಮರತು ಹೋಗತೈತಿ. ಮುಂದಿನ ವರ್ಷ ಇಟ್ರ, ಮರಿ ಆದ್ರ, ಅವತ್ತು ನಾನ ಫೋನ್ ಮಾಡ್ತೀನಿ. ಅಲ್ಲೀತನಕ ಮಾಡಂಗಿಲ್ಲ."

ಅವಳು ಬ್ಯಾಗಿನಲ್ಲಿದ್ದ ಬಿಸ್ಕಿಟ್ಟನ್ನು ಬಸ್ಸಿನ ಕಿಟಕಿಯಿಂದಲೂ ಎಸೆಯಲಿಲ್ಲ. ಎಲ್ಲಿ ಎಸೆದರೂ ಯಾವುದೋ ನಾಯಿ ತಿನ್ನುತ್ತದಲ್ಲ ಎಂದು ಮನೆಯವರೆಗೂ ತಂದಳು.

ವರ್ಷ ಉರುಳಿತು. ಪ್ರಾಜೆಕ್ಟಿಗೆ ಒಳ್ಳೆಯ ಮಾರ್ಕ್ಸು ಬಂತು, ಅದನ್ನು ಯಾರಿಗೂ ತೋರಿಸಲಿಲ್ಲ. ಬಳ್ಳಾರಿಯ ಕೌಲ್ ಬಜಾರಿನ ಸಂದಿಯೊಂದರ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತು. ಅಪ್ಪ ರಾಘಣ್ಣ ಎರಡು ಜಾತಕ ತಂದರು, ಎರಡಕ್ಕೂ ಒಲ್ಲೆ ಅಂದಳು. ಮಳೆ ಬಿತ್ತು. ಜೂನ್, ಜುಲೈ, ಆಗಸ್ಟ್. ಸ್ನಾನಕ್ಕೆ ಹೋದರೂ ಫೋನು ಬಾಗಿಲ ಬಳಿ. ಎಷ್ಟೆಲ್ಲ ಜನರ ಫೋನ್ ಬಂತು, ಅವನದೊಂದು ಬರಲಿಲ್ಲ.

ಸೆಪ್ಟೆಂಬರ್ ಮುಗಿಯುತ್ತಿದ್ದಾಗ ಒಂದು ಮುಂಜಾನೆ, ಕಾಫಿ ಸೋಸುತ್ತಿದ್ದಳು. ಪರದೆಯ ಮೇಲೆ ಕರಿಬಸವ. ಸೋಸುವ ಬಟ್ಟೆ ಅಲ್ಲೇ ಬಿಟ್ಟು ಫೋನ್ ಎತ್ತಿದಳು.

"ಮರಿ ಆತೇನ್ರಿ?"

"ಇಲ್ರಿ."

"ತತ್ತಿ?"

"ಹೆಣ್ಣು ಈ ವರ್ಷ ಬರಲೇ ಇಲ್ರಿ. ದೇಶನೂರು ಕಡಿಗೂ ಹೋಗಿ ಹುಡುಕಿ ಬಂದೆ, ಅಲ್ಲೆಲ್ಲಾ ಭತ್ತದ ನೀರು. ಎಲ್ಲೂ ಇಲ್ಲ."

ಅವಳ ಪುಸ್ತಕದ ಲೆಕ್ಕ ಅಲ್ಲಿಗೆ ಮುಗಿದಿತ್ತು. ಒಂದು ಗಂಡು, ಮುಂದಕ್ಕೆ ಏನೂ ಇಲ್ಲ.

"ಮತ್ತ ಯಾಕ ಫೋನ್ ಮಾಡಿದ್ರಿ? ಮಾಡೂದಿಲ್ಲ ಅಂದಿದ್ರಿ."

ಆ ಕಡೆ ಬಯಲ ಗಾಳಿ ಹೊಯ್ಯುತ್ತಿತ್ತು.

"ಗಂಡು ಐತ್ರಿ. ಮೂರು ತಿಂಗಳಾತು, ದಿನಾ ಅದ ದಿಬ್ಬದ ಮ್ಯಾಲ ನಿಂತು ಕರೀತೈತಿ. ಕೇಳಾಕ ನಾನೊಬ್ಬನ. ಇವತ್ತು ತಡಕೊಳ್ಳಾಕ ಆಗಲಿಲ್ಲ. ಅದಕ್ಕ ಹೆಣ್ಣಿಲ್ಲ, ಕರೀತೈತಿ. ನಂಗ ನೀವದೀರಿ, ನಾ ಬಾಯಿ ಮುಚಗೊಂಡು ಕುಂತೀನಿ. ಎಂಥಾ ಹುಚ್ಚಪ್ಪ ನಾನು." "ಇನ್ನೂ ಕಾಯಾಕತ್ತೀರೇನ್ರಿ?"

"ಕಾಯ್ತಾನೇ ಇದ್ದೀನಿ. ಈಗ ಹೊರಟು ಬರ್ಲೇನು?"

"ಬಯಲಿಗೆ ಬ್ಯಾಡ್ರಿ. ನಾನ ಬರ್ತೀನಿ. ಭಾನುವಾರ, ನಿಮ್ಮ ಮನಿಗೆ. ಅಪ್ಪಾರ್ನ ಕೇಳ್ತೀನಿ."

"ಬೈತಾರ ಅವ್ರು."

"ಬೈಸಿಕೊಳ್ತೀನಿ."

ಅವಳು ಅಳುತ್ತಲೇ ನಕ್ಕಳು. ಆಮೇಲೆ ನೆನಪಾಯಿತು.

"ಮತ್ತ ಅದು?"

ಅವನು ಫೋನನ್ನು ದಿಬ್ಬದ ಕಡೆ ಹಿಡಿದನೋ ಏನೋ, ಅವಳಿಗೆ ಗಾಳಿ ಬಿಟ್ಟು ಬೇರೇನೂ ಕೇಳಲಿಲ್ಲ.

"ಅದು ಕರೀತಿರತೈತ್ರಿ," ಎಂದ ಕರಿಬಸವ, "ಇರೋತನಕ."